ಸ್ಟೆಪ್ನಿ ಇಲ್ಲದ ಕಾರು

ಕಾರು ಕೊಳ್ಳುವಾಗ ನಾವು ಕೇಳೋ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರೋವೇ. ಮೈಲೇಜ್ ಎಷ್ಟು, ಸನ್‌ರೂಫ್ ಇದೆಯಾ, ಏರ್‌ಬ್ಯಾಗ್ ಎಷ್ಟು, ರೀಸೇಲ್ ಹೇಗೆ. ಟೈರ್ ಯಾವುದು ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಕಾರಿನ ಜೊತೆ ಬರುತ್ತೆ, ಕಪ್ಪಗಿರುತ್ತೆ, ದುಂಡಗಿರುತ್ತೆ, ಅಷ್ಟೇ. ಒಂದೂವರೆ ಟನ್ ತೂಕದ ಗಾಡಿ ರಸ್ತೆಗೆ ತಾಗುವುದು ನಾಲ್ಕು ಅಂಗೈಯಗಲದ ರಬ್ಬರಿನಲ್ಲಿ ಮಾತ್ರ ಅನ್ನೋದು ನೆನಪಾಗುವುದು ಆ ರಬ್ಬರು ಸವೆದಾಗ.

ನನ್ನ ಎಸ್‌ಯುವಿಯ ರಬ್ಬರು ಸವೆದದ್ದು ಈ ವರ್ಷ. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಜರ್ಮನ್ ಕಂಪನಿಯದ್ದು. ಹೆಸರು ಬೇಡ, ಹೇಳಿದರೆ ಇಎಂಐ ಎಷ್ಟು ಅಂತ ಕೇಳ್ತೀರಿ. ಅದರಲ್ಲಿ ಕಂಪನಿಯಿಂದಲೇ ಬಂದಿದ್ದು ರನ್-ಫ್ಲಾಟ್ ಟೈರ್‌ಗಳು. ಅಂದರೆ ಪಂಚರ್ ಆದರೂ ಓಡುವಂಥವು. ಈಗ ಬದಲಾಯಿಸಬೇಕಾದಾಗ ಪ್ರಶ್ನೆ ಎದ್ದಿತು: ಮತ್ತೆ ಅವನ್ನೇ ಹಾಕಿಸೋದಾ, ಇಲ್ಲ ಮಾಮೂಲಿ ಟೈರಾ? ಎರಡು ವಾರ ನಮ್ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇದೇ ಚರ್ಚೆ. ಎರಡನೇ ಕ್ಲಾಸಿನ ಮಗಳಿಗೂ ಸೈಡ್‌ವಾಲ್ ಅಂದರೇನು ಅಂತ ಗೊತ್ತಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಮಾಮೂಲಿ ಟೈರಿನಲ್ಲಿ ಕಾರಿನ ಭಾರ ಹೊರುವುದು ಒಳಗಿರೋ ಗಾಳಿ. ರಬ್ಬರು ಅನ್ನೋದು ಆ ಗಾಳಿಯನ್ನು ಹಿಡಿದಿಡುವ ಗಟ್ಟಿ ಚೀಲ. ಗಾಳಿ ಪೂರ್ತಿ ಹೋದರೆ ಟೈರಿನ ಪಕ್ಕದ ಗೋಡೆ ಮಡಚಿಕೊಂಡು ರಿಮ್ ಕೆಳಗೆ ಸಿಕ್ಕಿ ಅರೆದುಹೋಗುತ್ತೆ. ಹಾಗೇ ಸ್ವಲ್ಪ ದೂರ ಓಡಿಸಿದರೂ ಟೈರು ಹೋಯಿತು, ಜಾಸ್ತಿ ಓಡಿಸಿದರೆ ರಿಮ್ಮೂ ಹೋಯಿತು. ರನ್-ಫ್ಲಾಟ್‌ನಲ್ಲಿ ಆ ಪಕ್ಕದ ಗೋಡೆಯೊಳಗೇ ಬಿಸಿ ತಡೆಯುವ ದಪ್ಪ ರಬ್ಬರು ಕೂರಿಸಿರುತ್ತಾರೆ. ಗಾಳಿ ಸೊನ್ನೆಗೆ ಬಂದರೂ ಗೋಡೆ ಕುಸಿಯಲ್ಲ, ಕಾರು ನಿಂತೇ ಇರುತ್ತೆ. ಹೆಚ್ಚಿನ ಕಂಪನಿಗಳು ಕೊಡೋ ಮಾತು ಒಂದೇ: ಗಂಟೆಗೆ 80 ಕಿ.ಮೀ. ಮೀರದೆ 80 ಕಿ.ಮೀ. ದೂರ. ಕಾರಿನ ಭಾರ ಹೆಚ್ಚಾದರೆ ಆ ದೂರ ಕಡಿಮೆಯಾಗುತ್ತೆ. ಇದನ್ನು ಟೈರಿನ ಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಬ್ರಿಡ್ಜ್‌ಸ್ಟೋನ್‌ನವರು ಆರ್‌ಎಫ್‌ಟಿ, ಮಿಶೆಲಿನ್‌ನವರು ಝಡ್‌ಪಿ, ಕಾಂಟಿನೆಂಟಲ್‌ನವರು ಎಸ್‌ಎಸ್‌ಆರ್. ಪಂಚರ್ ಆಗಿದ್ದು ಓಡಿಸುವವರಿಗೆ ಗೊತ್ತೇ ಆಗದಿರಬಹುದು. ಹಾಗಾಗಿ ಟೈರಿನ ಗಾಳಿ ಮೇಲೆ ಕಣ್ಣಿಡುವ ಟಿಪಿಎಂಎಸ್ ಇಲ್ಲದ ಕಾರಿಗೆ ಇವನ್ನು ಹಾಕುವ ಹಾಗಿಲ್ಲ.

ಪಂಚರ್ ಆದರೂ ಓಡೋ ಟೈರ್ ಇದ್ದಮೇಲೆ ಸ್ಟೆಪ್ನಿ ಯಾಕೆ ಅಂತ ಕಂಪನಿಗಳು ಅದನ್ನು ತೆಗೆದೇಬಿಟ್ಟವು. 1997ರಲ್ಲಿ ಅಮೆರಿಕದ ಷೆವರ್ಲೆ ಕಾರ್ವೆಟ್ ಹೀಗೆ ಸ್ಟೆಪ್ನಿ ಇಲ್ಲದೆ ಬಂತು. 2000ದ ನಂತರ ಬಿಎಂಡಬ್ಲ್ಯು ತನ್ನ ಬಹಳಷ್ಟು ಮಾಡೆಲ್‌ಗಳಿಗೆ ಇದನ್ನೇ ಹಾಕಿತು. ತೂಕ ಕಮ್ಮಿ, ಡಿಕ್ಕಿಯಲ್ಲಿ ಜಾಗ ಜಾಸ್ತಿ, ಕಂಪನಿಗೆ ಒಂದು ಚಕ್ರದ ದುಡ್ಡು ಉಳಿತಾಯ. ಕೊನೆಯದ್ದನ್ನು ಬ್ರೋಷರ್‌ನಲ್ಲಿ ಯಾರೂ ಬರೆಯಲ್ಲ ಬಿಡಿ. ನಮ್ಮಲ್ಲೂ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಆಯಿತು. ಟಿಪಿಎಂಎಸ್ ಮತ್ತು ಪಂಚರ್ ಕಿಟ್ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ.

ಅಂದಹಾಗೆ ಈ ಸ್ಟೆಪ್ನಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ನಾನು ಚಿಕ್ಕವಳಿದ್ದಾಗ ಅದು ‘ಸ್ಟೆಪ್’ ಅನ್ನೋದರಿಂದ ಬಂದಿರಬೇಕು ಅಂದ್ಕೊಂಡಿದ್ದೆ. ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆತ್ಲಿ ಅಂತ ಒಂದು ಊರು, ಅಲ್ಲೊಂದು ಸ್ಟೆಪ್ನಿ ಸ್ಟ್ರೀಟ್. 1904ರಲ್ಲಿ ಆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು ಪಂಚರ್ ಆದ ಚಕ್ರದ ಮೇಲೆಯೇ ಕ್ಲ್ಯಾಂಪ್ ಮಾಡಿ ಕೂರಿಸೋ ಗಾಳಿ ತುಂಬಿದ ರಿಮ್ ಒಂದನ್ನು ಮಾಡಿದರು. ಬೀದಿಯ ಹೆಸರು ಆ ಚಕ್ರಕ್ಕೆ ಅಂಟಿಕೊಂಡಿತು. ಇಂಗ್ಲಿಷರು ಆ ಪದ ಮರೆತು ಎಷ್ಟೋ ಕಾಲವಾಯಿತು. ನಮ್ಮ ಲಾರಿ ಡ್ರೈವರ್‌ಗಳು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಈಗ ನನ್ನ ಕಥೆಗೆ ಬರ್ತೀನಿ. ರನ್-ಫ್ಲಾಟ್ ನನ್ನನ್ನು ಎರಡು ಸಲ ಕಾಪಾಡಿದೆ. ಎರಡು ಸಲವೂ ಅದಕ್ಕೆ ಬೆಲೆ ತಗೊಂಡಿದೆ.

ಮೊದಲನೆಯದು ಬೆಂಗಳೂರಲ್ಲೇ. ಹೈದರಾಬಾದಿನಲ್ಲಿ ಕ್ಲೈಂಟ್ ಮೀಟಿಂಗ್ ಮುಗಿಸಿ ರಾತ್ರಿ ಫ್ಲೈಟಿಗೆ ಬಂದು, ಏರ್‌ಪೋರ್ಟ್ ಪಾರ್ಕಿಂಗಿನಿಂದ ಕಾರು ತಗೊಂಡು ಹೊರಟಿದ್ದೆ. ಹನ್ನೊಂದೂವರೆ ಆಗಿತ್ತು. ಯಲಹಂಕ ದಾಟುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಬಂತು. ಹಿಂದಿನ ಎಡ ಟೈರ್. ಸ್ವಲ್ಪ ಹೊತ್ತಿಗೆ ಗಾಳಿ ಪೂರ್ತಿ ಹೋಗಿದೆ ಅಂತ ತೋರಿಸಿತು. ಸ್ಟೀರಿಂಗ್‌ನಲ್ಲಿ ಏನೂ ಗೊತ್ತಾಗಲಿಲ್ಲ. ರಸ್ತೆ ಮೇಲೆ ಮೊಳೆ ಚೆಲ್ಲಿ ಪಂಚರ್ ಮಾಡಿಸುವವರ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಔಟರ್ ರಿಂಗ್ ರೋಡಿನಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಆರಿಸಿದ್ದು ನಿಮಗೂ ನೆನಪಿರಬಹುದು. ಹಾಗೆ ನಿಲ್ಲಿಸಿದವರ ಹತ್ತಿರ ಯಾರು ಬರ್ತಾರೆ, ಯಾಕೆ ಬರ್ತಾರೆ ಅಂತ ಯೋಚಿಸೋ ಅಗತ್ಯ ಆ ರಾತ್ರಿ ನನಗೆ ಬೀಳಲಿಲ್ಲ. ಎಪ್ಪತ್ತು ದಾಟದೆ ಜೆ.ಪಿ. ನಗರದ ತನಕ ಓಡಿಸಿಕೊಂಡು ಬಂದೆ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿ, ಲಿಫ್ಟ್ ಹತ್ತಿ, ಮಲಗಿದೆ. ಗಂಡನಿಗೆ ಹೇಳಿದ್ದು ಬೆಳಿಗ್ಗೆ.

ಬೆಳಿಗ್ಗೆ ಟೈರ್ ಅಂಗಡಿಯವರು ಅದನ್ನು ಬಿಚ್ಚಿ ಒಳಗೆ ಕೈ ಹಾಕಿ ಸವರಿ ತೋರಿಸಿದರು. ಬೆರಳಿಗೆಲ್ಲ ಕಪ್ಪು ಪುಡಿ. “ಒಳಗಡೆ ರಬ್ಬರ್ ಪುಡಿ ಬಿದ್ದಿದೆ ನೋಡಿ ಮೇಡಂ. ಗಾಳಿ ಇಲ್ಲದೆ ಓಡಿಸಿದೀರಲ್ಲ, ಇದನ್ನ ಪಂಚರ್ ಹಾಕಿ ಕೊಟ್ಟರೆ ಆಮೇಲೆ ಎಲ್ಲಿ ಬ್ಲಾಸ್ಟ್ ಆಗುತ್ತೋ ಹೇಳಕ್ಕಾಗಲ್ಲ.” ಮೊಳೆ ಚುಚ್ಚಿದ್ದು ಟ್ರೆಡ್ಡಿನ ನಟ್ಟನಡುವೆ. ಮಾಮೂಲಿ ಟೈರಿಗೆ ಅಲ್ಲಿ ಮೊಳೆ ಹೊಕ್ಕಿ, ಗಾಳಿ ಇರುವಾಗಲೇ ನಿಲ್ಲಿಸಿದ್ದರೆ 200 ರೂಪಾಯಿಯ ಕೆಲಸ. ನನಗೆ ಬಿದ್ದಿದ್ದು 24 ಸಾವಿರ. ಆ ರಾತ್ರಿಗೆ ಅಷ್ಟು ಕೊಡಬಹುದು ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ.

ಎರಡನೆಯದು ಹೋದ ವರ್ಷ ಜೂನ್‌ನಲ್ಲಿ. ಅಪ್ಪ ಅಮ್ಮ ಇರೋದು ಮೂಡಿಗೆರೆ ಹತ್ತಿರ. ಅಪ್ಪನಿಗೆ ಬೆನ್ನುಮೂಳೆಯ ಆಪರೇಷನ್ ಆಗಿದೆ. ಎರಡು ತಿಂಗಳಿಗೊಮ್ಮೆ ಮಂಗಳೂರಿಗೆ ತೋರಿಸೋಕೆ ಕರ್ಕೊಂಡು ಹೋಗಬೇಕು. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ದಾರಿ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಇಳಿಯೋಕೆ ಶುರು ಮಾಡಿದ್ವಿ. ಮಳೆ ಅಂದರೆ ಮಳೆ, ವೈಪರ್ ಹೈಯಲ್ಲಿದ್ದರೂ ಮುಂದೆ ಬಿಳಿ ಪರದೆ. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡೋಕೆ ಅಂಚಿಗೆ ಸರಿದಾಗ ಕಿತ್ತುಹೋದ ಕಲ್ಲಿನ ಚೂಪಿಗೆ ಮುಂದಿನ ಟೈರಿನ ಪಕ್ಕ ತಾಗಿ ಸೀಳಿತು. ಅರ್ಧ ನಿಮಿಷದಲ್ಲಿ ಗಾಳಿ ಸೊನ್ನೆ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಹಿಂದೆ ಸೀಟಿನಲ್ಲಿ ಹತ್ತು ನಿಮಿಷ ನಿಲ್ಲಲಾಗದ ಅಪ್ಪ.

“ಏನಾಯ್ತು ಪುಟ್ಟಿ?” ಅಂದರು. “ಏನಿಲ್ಲಪ್ಪ, ಟೈರ್ ಗಾಳಿ ಹೋಗಿದೆ, ಓಡುತ್ತೆ,” ಅಂದೆ. ಗಾಳಿ ಹೋದಮೇಲೆ ಹೇಗೆ ಓಡುತ್ತೆ ಅಂತ ಅವರು ಘಾಟಿ ಇಳಿಯೋ ತನಕ ಕೇಳ್ತಾನೇ ಇದ್ದರು. ಹಿಂದೆ ಜೀಪು ಓಡಿಸಿದವರು, ನಂಬಿಕೆ ಬರಲಿಲ್ಲ.

ಮಂಗಳೂರಿಗೆ ಅಲ್ಲಿಂದ ಹೆಚ್ಚುಕಮ್ಮಿ 80 ಕಿ.ಮೀ. ಕಂಪನಿ ಹೇಳಿದ ಲೆಕ್ಕಕ್ಕೆ ಸರಿಯಾಗಿ ಅಷ್ಟೇ. ನಲವತ್ತು ನಲವತ್ತೈದರಲ್ಲಿ ಉಜಿರೆ, ಬೆಳ್ತಂಗಡಿ, ಬಂಟ್ವಾಳ ದಾಟಿ ಹೋದೆ. ಬಿ.ಸಿ. ರೋಡ್ ಬರೋ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ ಬರ್ತಿತ್ತು, ಆದರೆ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಲಿಲ್ಲ. ತಾಪತ್ರಯ ಶುರುವಾಗಿದ್ದು ಆಮೇಲೆ. ನಾನು ಫೋನ್ ಮಾಡಿದ ಅಂಗಡಿಗಳಲ್ಲಿ ಒಂದರಲ್ಲೂ ಆ ಸೈಜಿನ ರನ್-ಫ್ಲಾಟ್ ಸ್ಟಾಕ್ ಇರಲಿಲ್ಲ. ಬೆಂಗಳೂರಿಂದ ತರಿಸಬೇಕು, ಮೂರು ದಿನ ಅಂದರು. ಮಾಮೂಲಿ ಟೈರ್ ಒಂದನ್ನು ಮಾತ್ರ ಹಾಕಿಕೊಂಡು ಹೋಗೋಣ ಅಂದರೆ ಎರಡು ಜಾತಿ ಬೆರೆಸಬಾರದು, ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ ಇದ್ದರೆ ಬ್ರೇಕ್ ಹಾಕುವಾಗ, ತಿರುವಿನಲ್ಲಿ ಕಾರು ಏನು ಮಾಡುತ್ತೆ ಹೇಳೋಕಾಗಲ್ಲ. ಅದೂ ಘಾಟಿ ಹತ್ತಿ ವಾಪಸ್ ಹೋಗಬೇಕಾದಾಗ. ಅಪ್ಪನ ಜೊತೆ ಮೂರು ದಿನ ಲಾಡ್ಜ್. ಅವರು ಬೆಳಿಗ್ಗೆ ಎದ್ದರೆ ಕಿಟಕಿಯಿಂದ ಬಸ್‌ಸ್ಟ್ಯಾಂಡ್ ನೋಡೋರು, “ಒಂದು ಸ್ಟೆಪ್ನಿ ಇದ್ದಿದ್ರೆ” ಅನ್ನೋರು.

ಅಲ್ಲಿ ನನಗೆ ಹೊಳೆದಿದ್ದು ಇಷ್ಟು. 80 ಕಿ.ಮೀ. ಅನ್ನೋದು ಜರ್ಮನಿಯಲ್ಲಿ ಕೂತು ಲೆಕ್ಕ ಹಾಕಿದರೆ ಬಹಳ ಸರಿ. ಅಲ್ಲಿ ಅಷ್ಟು ದೂರದೊಳಗೆ ಊರೂ ಸಿಗುತ್ತೆ, ಟೈರೂ ಸಿಗುತ್ತೆ. ಮಲೆನಾಡಿನಲ್ಲಿ 80 ಕಿ.ಮೀ. ಹೋದರೆ ಊರು ಸಿಗುತ್ತೆ, ಪಂಚರ್ ಅಂಗಡಿ ದಾರಿಯುದ್ದಕ್ಕೂ ಸಿಗುತ್ತೆ, ಆ ಟೈರ್ ಸಿಗಲ್ಲ. ನಮ್ಮ ರಸ್ತೆ ಬದಿಯ ಪಂಚರ್ ಅಂಗಡಿ ವ್ಯವಸ್ಥೆ ಎಷ್ಟು ದೊಡ್ಡದು ಅಂತ ಯೋಚಿಸಿ. ಕಂಪ್ರೆಸರ್ ಒಂದು, ನೇತುಹಾಕಿದ ಹಳೇ ಟೈರ್ ಒಂದು, ರಾತ್ರಿ ಅಲ್ಲೇ ಮಲಗೋ ಮನುಷ್ಯ. ಮಾಮೂಲಿ ಟೈರಿಗೆ ಈ ಇಡೀ ವ್ಯವಸ್ಥೆ ಬೆನ್ನಿಗಿದೆ. ರನ್-ಫ್ಲಾಟ್‌ನ ಗಟ್ಟಿ ಗೋಡೆಯನ್ನು ರಿಮ್ಮಿನಿಂದ ಬಿಡಿಸೋಕೆ ಒಳ್ಳೆಯ ಮೆಷಿನ್ನೇ ಬೇಕು, ಸಲಾಕೆ ಹಾಕಿ ಎಬ್ಬಿಸೋ ವಸ್ತು ಅಲ್ಲ ಅದು.

ಇನ್ನು ಅಪ್ಪನ ಬೆನ್ನು. ಇದನ್ನು ಮೊದಲೇ ಹೇಳಬೇಕಿತ್ತೇನೋ. ರನ್-ಫ್ಲಾಟ್‌ನ ಗೋಡೆ ಗಟ್ಟಿ ಅಂದೆನಲ್ಲ, ಗಾಳಿ ಇರುವಾಗಲೂ ಅದು ಗಟ್ಟಿಯೇ. ಹೈವೇಯಲ್ಲಿ ಏನೂ ಗೊತ್ತಾಗಲ್ಲ. ಬೇಲೂರು ದಾಟಿ ಮೂಡಿಗೆರೆ ರಸ್ತೆಗೆ ಬಿದ್ದ ಮೇಲೆ ಪ್ರತಿ ಗುಂಡಿಯೂ ನೇರ ಸೀಟಿಗೆ ಬರುತ್ತೆ. ನನ್ನ ಟೈರಿನ ಸೈಜು 225/50 ಆರ್18. ಅಂದರೆ ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ ಶೇ. 50, ಸುಮಾರು 112 ಮಿ.ಮೀ. ರಿಮ್ಮಿಗೂ ಗುಂಡಿಗೂ ನಡುವೆ ಇರೋದು ನಾಲ್ಕೂವರೆ ಇಂಚಿಗೂ ಕಮ್ಮಿ, ಅದೂ ಬಗ್ಗದ ಗೋಡೆ. ಅಪ್ಪ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ. ಗುಂಡಿ ಕಂಡಾಗ ಮುಂಚೆಯೇ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡ್ಕೊಳ್ಳೋರು. ಕನ್ನಡಿಯಲ್ಲಿ ಆ ಬೆರಳುಗಳು ಕಾಣೋವು.

ನನ್ನ ಗಂಡ ರನ್-ಫ್ಲಾಟ್ ಪಕ್ಷ. ಅವನ ವಾದ ಒಂದೇ, ಅದೂ ಸುಲಭಕ್ಕೆ ತಳ್ಳಿಹಾಕೋ ಅಂಥದ್ದಲ್ಲ. “ನೀನು ರಾತ್ರಿ ಒಬ್ಬಳೇ ಓಡಿಸ್ತೀಯ. ತಿಂಗಳಿಗೆ ಎರಡು ಸಲ ಏರ್‌ಪೋರ್ಟ್, ಆಮೇಲೆ ಮಗಳನ್ನ ಹಿಂದೆ ಕೂರಿಸಿಕೊಂಡು ಊರಿಗೆ. ಅಪ್ಪ ಎರಡು ತಿಂಗಳಿಗೊಂದು ಸಲ ಕೂರ್ತಾರೆ. ನೀನು ದಿನಾ ಕೂರ್ತೀಯ.” ನಾನು, “ಆ ರಾತ್ರಿ ಮಾಮೂಲಿ ಟೈರ್ ಇದ್ದಿದ್ದರೂ ಮೊಳೆ ಚುಚ್ಚಿಕೊಂಡೇ ಇರುತ್ತಿತ್ತು, ಗಾಳಿ ನಿಧಾನಕ್ಕೆ ಇಳಿಯೋ ಚಾನ್ಸು ಇತ್ತು, ಪೆಟ್ರೋಲ್ ಬಂಕ್ ತನಕ ಬರ್ತಿದ್ದೆ,” ಅಂದೆ. “ಇತ್ತು. ಚಾನ್ಸು,” ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ದುಡ್ಡಿನ ಲೆಕ್ಕ ಬೇಕಾದವರಿಗೆ: ನನಗೆ ಕೊಟ್ಟ ಕೊಟೇಶನ್‌ನಲ್ಲಿ ರನ್-ಫ್ಲಾಟ್ ಒಂದಕ್ಕೆ 27 ಸಾವಿರ, ಅದೇ ಸೈಜಿನ ಒಳ್ಳೆಯ ಮಾಮೂಲಿ ಟೈರ್ 16 ಸಾವಿರ. ನಾಲ್ಕಕ್ಕೆ 44 ಸಾವಿರ ವ್ಯತ್ಯಾಸ. ಆಫೀಸಿನಲ್ಲಿ ಒಬ್ಬರು 17 ಇಂಚಿನ ರಿಮ್ಮಿಗೆ ಇಳಿದು 225/55 ಹಾಕಿಸಿ, ಗೋಡೆ ಇನ್ನೂ ಎತ್ತರ ಆಗುತ್ತೆ ಅಂದರು. ಲೆಕ್ಕ ಹಾಕಿದರೆ ಚಕ್ರದ ಒಟ್ಟು ಎತ್ತರ 682 ಮಿ.ಮೀ. ಬದಲು 679, ಸ್ಪೀಡೋಮೀಟರ್‌ಗೂ ಅಷ್ಟೇನೂ ಫರಕಿಲ್ಲ. ಐಡಿಯಾ ಚೆನ್ನಾಗಿತ್ತು, ನಾಲ್ಕು ಹೊಸ ಅಲಾಯ್ ರಿಮ್ಮಿನ ರೇಟ್ ಕೇಳೋ ತನಕ.

ಕೊನೆಗೆ ತೀರ್ಮಾನ ಮಾಡಿದ್ದು ನಾನೇ, ಮಾಮೂಲಿ ಟೈರ್. ಆದರೆ ಸ್ಟೆಪ್ನಿ ಸಮೇತ. ಈ ಎರಡನೇ ಭಾಗ ಮುಖ್ಯ. ರನ್-ಫ್ಲಾಟ್ ತೆಗೆಸಿ, ಸ್ಟೆಪ್ನಿ ಇಲ್ಲದೆ, ಬರೀ ಪಂಚರ್ ಕಿಟ್ ನೆಚ್ಚಿಕೊಂಡು ಓಡಾಡೋರು ಬಹಳ ಜನ ಇದ್ದಾರೆ. ಆ ಕಿಟ್‌ನಲ್ಲಿರೋ ಅಂಟು ದ್ರವ ಟ್ರೆಡ್ಡಿನಲ್ಲಿ ಆದ ಸಣ್ಣ ತೂತಿಗೆ ಸರಿ. ಚಾರ್ಮಾಡಿಯಲ್ಲಿ ನನಗಾದ ಹಾಗೆ ಪಕ್ಕದ ಗೋಡೆ ಸೀಳಿದರೆ ಅದನ್ನು ಸುರಿದು ಏನೂ ಪ್ರಯೋಜನವಿಲ್ಲ. ಹೀಗೆ ಬದಲಾಯಿಸುವವರು ಇನ್ನೊಂದನ್ನೂ ನೋಡಬೇಕು, ಟೈರಿನ ಮೇಲೆ ಸೈಜಿನ ಪಕ್ಕ ಬರೆದಿರೋ ಸಂಖ್ಯೆ. ನನ್ನ ಹಳೇ ಟೈರಿನಲ್ಲಿ 99 ಅಂತಿತ್ತು. ಅಂದರೆ ಒಂದೊಂದು ಟೈರ್ 775 ಕೆ.ಜಿ. ಹೊರುತ್ತೆ. ಅಂಗಡಿಯವರು ಮೊದಲು ತೋರಿಸಿದ್ದು 95ರದ್ದು, 690 ಕೆ.ಜಿ. ಸೈಜ್ ಅದೇ, ಎರಡು ಸಾವಿರ ಕಮ್ಮಿ. ಕಾರಿನ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರೋದಕ್ಕಿಂತ ಕಮ್ಮಿಯದ್ದು ಹಾಕಿಸಬೇಡಿ, ಅವರು ಎಷ್ಟೇ ಹೇಳಲಿ. ಅದರ ಮುಂದಿನ ಅಕ್ಷರ ಡಬ್ಲ್ಯು, ಗಂಟೆಗೆ 270 ಕಿ.ಮೀ. ವೇಗಕ್ಕೆ ಲಾಯಕ್ಕು ಅಂತ. ಸಿಲ್ಕ್ ಬೋರ್ಡಿನಲ್ಲಿ ಆರರಲ್ಲಿ ತೆವಳುವಾಗ ಇದನ್ನು ನೆನೆಸಿಕೊಂಡು ಸಮಾಧಾನ ಪಟ್ಟುಕೊಳ್ಳಬಹುದು. ಡಾಟ್ ಅಂತ ಬರೆದ ಸಾಲಿನ ಕೊನೇ ನಾಲ್ಕು ಅಂಕಿಯನ್ನೂ ನೋಡಿ. 0824 ಅಂದರೆ 2024ರ ಎಂಟನೇ ವಾರ ತಯಾರಾಗಿದ್ದು. ಗೋಡೌನಿನಲ್ಲಿ ಎರಡು ವರ್ಷ ಕೂತ ಟೈರಿಗೆ ಹೊಸದರ ದುಡ್ಡು ಯಾಕೆ ಕೊಡಬೇಕು?

ಮಂಗಳೂರಲ್ಲಿ ಹಾಕಿಸಿದ ಒಂದು ರನ್-ಫ್ಲಾಟ್ ಇನ್ನೂ ಚೆನ್ನಾಗಿತ್ತು. ಅದನ್ನು 6 ಸಾವಿರಕ್ಕೆ ಮಾರಿದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ತೆಳ್ಳನೆಯ ಸ್ಟೆಪ್ನಿ, ಜಾಕಿ, ಸ್ಪ್ಯಾನರ್, ಒಂದು ಗಾಳಿ ಹೊಡೆಯೋ ಪುಟ್ಟ ಮೆಷಿನ್ ತಗೊಂಡೆ. ಆ ಸ್ಟೆಪ್ನಿ ಮೇಲೂ ದೊಡ್ಡದಾಗಿ 80 ಅಂತ ಬರೆದಿದೆ, ಅದಕ್ಕಿಂತ ಜೋರಾಗಿ ಓಡಿಸಬಾರದು ಅಂತ. ಆದರೆ ಅದರ ಮೇಲೆ ಪಂಚರ್ ಅಂಗಡಿ ಸಿಗೋ ತನಕ ಹೋದರೆ ಸಾಕು, ಟೈರ್ ಸಿಗೋ ತನಕ ಅಲ್ಲ.

ನಮ್ಮ ಟೀಮಿನಲ್ಲಿ ಒಬ್ಬಳು ವೈಟ್‌ಫೀಲ್ಡ್‌ನಿಂದ ಮಾರತ್ತಹಳ್ಳಿಗೆ ಮಾತ್ರ ಓಡಾಡೋಳು. ರಾತ್ರಿ ಪಾಳಿ, ಒಬ್ಬಳೇ. ನನ್ನದನ್ನು ನೋಡಿ ಅವಳೂ ಬದಲಾಯಿಸೋಕೆ ಹೊರಟಿದ್ದಳು. ಬೇಡ ಅಂತ ನಾನೇ ತಡೆದೆ. ಅವಳಿಗೆ 80 ಕಿ.ಮೀ.ನಲ್ಲಿ ನಾಲ್ಕು ಸಲ ಮನೆ ಸಿಗುತ್ತೆ, ಟೈರ್ ಬೇಕಾದರೆ ಬೆಂಗಳೂರೇ ಇದೆ. 11 ಸಾವಿರ ಹೆಚ್ಚು ಕೊಟ್ಟು ರಾತ್ರಿ ನಿಲ್ಲದೆ ಮನೆ ಸೇರೋದು ಅವಳಿಗೆ ಲಾಭವೇ. ಮೂಡಿಗೆರೆ ದಾರಿ ಇಲ್ಲದಿದ್ದರೆ ನಾನೂ ಅದನ್ನೇ ಮಾಡ್ತಿದ್ದೆ.

ಚಕ್ರ ಬದಲಾಯಿಸೋದನ್ನು ಕಲಿಯೋ ತನಕ ರಾತ್ರಿ ಏರ್‌ಪೋರ್ಟಿಗೆ ಕಾರು ಒಯ್ಯಕೂಡದು ಅಂತ ಗಂಡ ಷರತ್ತು ಹಾಕಿದ. ಒಂದು ಭಾನುವಾರ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸ್. ಜಾಕಿ ಏರಿಸೋದು ಸುಲಭ. ಈ ಕಾರಿನಲ್ಲಿ ನಟ್ ಬದಲು ಬೋಲ್ಟ್. ಚಕ್ರವನ್ನು ಎತ್ತಿ ಹಿಡಿದು ತೂತಿಗೆ ತೂತು ಸೇರಿಸಿ ಬೋಲ್ಟ್ ತಿರುಗಿಸಬೇಕು. ಬೋಲ್ಟನ್ನು ಅರ್ಧ ಸುತ್ತು ಸಡಿಲ ಮಾಡಿದ ಮೇಲೆ ಜಾಕಿ ಏರಿಸಬೇಕು, ಮೊದಲೇ ಏರಿಸಿದರೆ ಚಕ್ರ ಸುತ್ತುತ್ತೆ. ಸೆಕ್ಯುರಿಟಿಯವರು, “ಬಿಡಿ ಮೇಡಂ, ನಾನು ಮಾಡಿಕೊಡ್ತೀನಿ,” ಅಂತ ಮೂರು ಸಲ ಬಂದರು. ಮೊದಲ ಸಲ 40 ನಿಮಿಷ ಹಿಡಿಯಿತು. ನಾಲ್ಕನೇ ಸಲಕ್ಕೆ 17.

ಹೊಸ ಟೈರಿನಲ್ಲಿ ಅಪ್ಪನನ್ನು ಮೊದಲ ಸಲ ಮಂಗಳೂರಿಗೆ ಕರ್ಕೊಂಡು ಹೋಗಿ ಬಂದದ್ದು ಹೋದ ತಿಂಗಳು. ಗುಂಡಿ ಏನು ಮಾಯ ಆಗಲ್ಲ, ಆದರೆ ಅವರು ಸೀಟು ಹಿಡ್ಕೊಳ್ಳಲಿಲ್ಲ. ಬಣಕಲ್ ಹತ್ತಿರ ನಿದ್ದೆ ಹೋಗಿದ್ದರು. ಸ್ಟೆಪ್ನಿ ನೋಡಿ ಅವರಿಗೆ ಖುಷಿಯೋ ಖುಷಿ, ಬೆರಳಲ್ಲಿ ಒತ್ತಿ ನೋಡಿ, “ಇದೇನು ಇಷ್ಟು ಸಣಕಲು?” ಅಂದರು. ತಕರಾರು ಬಂದಿದ್ದು ಅಮ್ಮನ ಕಡೆಯಿಂದ. ಡಿಕ್ಕಿಯ ಅರ್ಧ ಜಾಗ ಈಗ ಸ್ಟೆಪ್ನಿಗೆ ಹೋಗಿದೆ. ಕಾಳುಮೆಣಸಿನ ಚೀಲ, ಕಾಫಿಪುಡಿ, ಬಾಳೆಗೊನೆ ಇಟ್ಟ ಮೇಲೆ ಹಲಸಿನ ಹಣ್ಣಿಗೆ ಜಾಗವೇ ಉಳಿಯಲಿಲ್ಲ. ಬಿಟ್ಟು ಹೋಗ್ತೀನಿ ಅಂದರೆ ಅಮ್ಮ ಬಿಡಬೇಕಲ್ಲ, ಮುಂದಿನ ಸೀಟಲ್ಲಿ ಗೋಣಿ ಹಾಸಿ ಕೂರಿಸಿದರು. ಗೇಟ್ ದಾಟುತ್ತಿದ್ದ ಹಾಗೆ ಕಾರು ಕಿರುಚೋಕೆ ಶುರು ಮಾಡಿತು. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕಿಲ್ಲವಂತೆ. ಹಣ್ಣಿಗೆ ಬೆಲ್ಟ್ ಹಾಕಿದ ಮೇಲೆ ಸುಮ್ಮನಾಯಿತು.